ಎರಡನೆಯವರನ್ನು ಬಿಟ್ಟು ಮೂರನೆಯವರನ್ನು ಕರೆದದ್ದು

ಕೊರೊನಾದ ಎರಡನೇ ವರ್ಷ ನನ್ನಿಂದ ಒಬ್ಬ ಹೆಂಗಸಿಗೆ ಅನ್ಯಾಯವಾಯಿತು. ಅದಕ್ಕೆ ಅಮೆರಿಕದ ಕಾಲೇಜು ಫುಟ್‌ಬಾಲೇ ಕಾರಣ ಎಂದು ಆಗ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಆ ಫುಟ್‌ಬಾಲನ್ನು ನಾನು ಇವತ್ತಿಗೂ ಹತ್ತು ನಿಮಿಷ ಕೂತು ನೋಡಿದವಳಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನೆಲ ಅಮೆರಿಕದಲ್ಲಿತ್ತು, ಅಷ್ಟೇ ವ್ಯತ್ಯಾಸ.

ನಾನಿದ್ದದ್ದು ನೆದರ್‌ಲ್ಯಾಂಡ್ಸಿನ ಜೂಟರ್‌ಮೀರ್ ಎಂಬ ಊರಿನಲ್ಲಿ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರು ಮಾಡಿಟ್ಟದ್ದರಲ್ಲಿ ತಪ್ಪು ಹುಡುಕುವುದು. ಅದು ನಿನ್ನ ಹುಟ್ಟುಗುಣ, ಅದಕ್ಕೂ ಸಂಬಳ ಕೊಡ್ತಾರಲ್ಲ ಎಂದು ನನ್ನ ಗಂಡ ಆಡಿಕೊಳ್ಳುತ್ತಿದ್ದರು. ನೆದರ್‌ಲ್ಯಾಂಡ್ಸಿನ ಕನ್ನಡದ ಹೆಂಗಸರೆಲ್ಲ ಸೇರಿ ಒಂದು ಥ್ರೋಬಾಲ್ ಲೀಗ್ ನಡೆಸೋಣ ಎಂದಾಗ ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ಈ ಗುಣದಿಂದಲೇ. ಜೊತೆಗೆ ಕಾರ್ಯದರ್ಶಿ ಎಂಬ ಹೆಸರು.

ಥ್ರೋಬಾಲ್ ಆಡದ ಕನ್ನಡತಿಯನ್ನು ನಾನು ಕಂಡಿಲ್ಲ. ಮೈಸೂರಿನ ನನ್ನ ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂತೆಂದರೆ ಮೈದಾನ ಪೂರ್ತಿ ಹುಡುಗರ ಕ್ರಿಕೆಟ್ಟಿಗೆ, ಬೇವಿನ ಮರದ ಕೆಳಗಿನ ಒಂದು ಹರಕು ನೆಟ್ ನಮಗೆ. ಆ ಕಡೆಯಿಂದ ಬಂದ ಚೆಂಡನ್ನು ಹಿಡಿಯಬೇಕು, ಹಿಡಿದ ಕೂಡಲೇ ತಿರುಗಿ ಎಸೆಯಬೇಕು. ಆಫೀಸಿನ ಡಚ್ ಸಹೋದ್ಯೋಗಿಗೆ ವಿವರಿಸಿದಾಗ ಅವನು, ಇದು ವಾಲಿಬಾಲೇ, ಆದರೆ ಹಿಡಿಯಬಹುದಾದರೆ ಅದರಲ್ಲಿ ಕಷ್ಟವೇನು ಎಂದ. ಬಂದು ಹಿಡಿದು ನೋಡಪ್ಪ ಎಂದೆ. ಬರಲಿಲ್ಲ. ಆಗ ಅವನ ಮನೆಗೆ ನಾನಾಗಲಿ, ನನ್ನ ಮನೆಗೆ ಅವನಾಗಲಿ ಹೋಗುವ ಕಾಲವೂ ಅಲ್ಲ.

ಲೀಗಿಗೆ ಎಂಟು ತಂಡ ಸೇರಿದವು. ಪಶ್ಚಿಮದ ಗುಂಪಿನಲ್ಲಿ ನಾಲ್ಕು, ದಕ್ಷಿಣದ ಗುಂಪಿನಲ್ಲಿ ನಾಲ್ಕು. ಗುಂಪಿನೊಳಗೆ ಪ್ರತಿ ತಂಡದ ಮೇಲೂ ಎರಡೆರಡು ಪಂದ್ಯ, ಒಟ್ಟು ಆರು. ದಕ್ಷಿಣದ ಗುಂಪಿನಲ್ಲಿದ್ದ ಬೆಸ್ಟ್ ಊರಿನ ತಂಡದ ಕ್ಯಾಪ್ಟನ್ ಧಾರವಾಡದವರು, ನನಗಿಂತ ಆರೇಳು ವರ್ಷ ದೊಡ್ಡವರು. ನಾನು ಅನ್ಯಾಯ ಮಾಡಿದ್ದು ಇವರಿಗೇ.

ಅವರು ಆ ತಂಡವನ್ನು ಕಟ್ಟಿದ ರೀತಿ ಹೇಳಿದರೆ ಯಾರೂ ನಂಬುವುದಿಲ್ಲ. ವರ್ಷದ ಆರಂಭದಲ್ಲಿ ಇಲ್ಲಿ ಹೊರಗೆ ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ನಿಲ್ಲುವಂತಿರಲಿಲ್ಲ, ಇಬ್ಬರ ನಡುವೆಯೂ ಒಂದೂವರೆ ಮೀಟರ್ ಅಂತರವಿರಬೇಕು. ಇವರು ಪಾರ್ಕಿನಲ್ಲಿ ಎರಡು ಮರದ ನಡುವೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಊರಿನ ಕನ್ನಡದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದರು. ಶನಿವಾರ ಮೂವರು, ಭಾನುವಾರ ಮೂವರು, ಒಬ್ಬೊಬ್ಬರಿಗೂ ಅರ್ಧ ಗಂಟೆ. ಒಬ್ಬಳು ಸೈಕಲ್ ಹತ್ತಿ ಹೋದ ಮೇಲೆ ಇನ್ನೊಬ್ಬಳು ಬರಬೇಕು. ಆ ಆರು ಜನ ಒಬ್ಬರ ಮುಖ ಒಬ್ಬರು ಫೋನಿನಲ್ಲಿ ನೋಡಿದ್ದರೇ ಹೊರತು ಎದುರಿಗೆ ನೋಡಿರಲಿಲ್ಲ. ಆರಕ್ಕೆ ಆರೂ ಒಂದೇ ರೀತಿ ಎಸೆಯುತ್ತಿದ್ದರು, ಕ್ಯಾಪ್ಟನ್ ಎಸೆದಂತೆ, ಕಿವಿಯ ಪಕ್ಕದಿಂದ ಒಂದು ಎತ್ತರದ ಬೀಸು. ಬೇರೆ ಯಾರ ಕೈಯಿಂದಲೂ ಅವರು ಕಲಿತಿರಲಿಲ್ಲವಲ್ಲ.

ಲೀಗ್ ಶುರುವಾಗುವ ಮುಂಚೆ ತಂಡದ ಹೆಸರು ಕೊಡಲು ಫೋನ್ ಮಾಡಿದಾಗ ಅವರು ನನಗೆ ಒಂದು ಮಾತು ಹೇಳಿದ್ದರು.

"ಸೆಕ್ರೆಟರಿ ಮೇಡಂ, ನನ್ನ ಕಾಂಟ್ರ್ಯಾಕ್ಟ್ ಡಿಸೆಂಬರ್‌ಗೆ ಮುಗೀತದ. ಮುಂದ ಕೊಡೂದಿಲ್ಲ ಅಂದಾರ. ಧಾರವಾಡಕ್ಕ ಹೋಗಿ ಕಾಲೇಜಿನಾಗ ಪಾಠ ಹೇಳಾಕಿ ನಾನು. ಹೋಗೂದ್ರೊಳಗ ನಮ್ಮ ಏಳೂ ಮಂದಿ ಕೂಡಿ ಕೊನೇ ದಿನದ ಆಟ ಆಡಬೇಕ್ರಿ. ಅದೊಂದ ಆಸೆ."

"ಖಂಡಿತ ಆಡ್ತೀರಿ ಅಕ್ಕ, ಯಾಕ್ ಯೋಚ್ನೆ" ಎಂದೆ. ಮಾತಿಗೆ ಬರವೇ ನನಗೆ.

ಏಳೂ ಮಂದಿ ಎಂದು ಅವರು ಒತ್ತಿ ಹೇಳಿದ್ದರ ಅರ್ಥ ನನಗೆ ಆಮೇಲೆ ತಿಳಿಯಿತು. ಸೆಪ್ಟೆಂಬರಿನಲ್ಲಿ ಪಂದ್ಯ ಶುರುವಾದ ಮೇಲೆ ಒಂದು ಸಲವೂ ಅವರ ಏಳು ಜನ ಒಟ್ಟಿಗೆ ಅಂಗಳಕ್ಕೆ ಇಳಿಯಲಿಲ್ಲ. ಒಂದು ವಾರ ಒಬ್ಬರ ಮಗನ ತರಗತಿಯಲ್ಲಿ ಪಾಸಿಟಿವ್, ಇನ್ನೊಂದು ವಾರ ಮತ್ತೊಬ್ಬರ ಗಂಡನಿಗೆ. ಪ್ರತಿ ಸಲವೂ ಒಬ್ಬರಲ್ಲ ಒಬ್ಬರು ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದರು. ಬದಲಿ ಆಟಗಾರ್ತಿ ಇಲ್ಲ. ಆರೇ ಜನ ಆಡುತ್ತಿದ್ದರು.

ಈಗ ಅಮೆರಿಕ ಬರುತ್ತದೆ. ನಮ್ಮ ಸಮಿತಿಯ ಅಧ್ಯಕ್ಷರು ಬೆಂಗಳೂರಿನವರು, ಎಂ.ಎಸ್. ಓದಿದ್ದು ಅಮೆರಿಕದಲ್ಲಿ. ಅಲ್ಲಿನ ಕಾಲೇಜು ಫುಟ್‌ಬಾಲಿನ ಹುಚ್ಚು ಅವರಿಗೆ ಇನ್ನೂ ಬಿಟ್ಟಿರಲಿಲ್ಲ. ಪಂದ್ಯಗಳು ಒಂದೊಂದಾಗಿ ರದ್ದಾಗುತ್ತಿದ್ದಾಗ, ಎಲ್ಲರೂ ಸಮನಾಗಿ ಆಡದೆ ಕೊನೆಯ ದಿನಕ್ಕೆ ತಂಡಗಳನ್ನು ಆರಿಸುವುದು ಹೇಗೆ ಎಂದು ವಿಡಿಯೋ ಕಾಲಿನಲ್ಲಿ ತಲೆ ಕೆರೆದುಕೊಂಡು ಕೂತಿದ್ದೆವು. ಆಗ ಅವರ ಮುಖ ಅರಳಿತು.

"ಬೌಲ್ ಸಿಸ್ಟಮ್ ಮಾಡ್ಬಿಡೋಣ" ಎಂದರು.

ಅವರು ಹೇಳಿದ್ದು ಹೀಗೆ. ಅಲ್ಲಿ ಕಾಲೇಜು ತಂಡಗಳು ಒಂದೊಂದು ಗುಂಪಿಗೆ ಸೇರಿರುತ್ತವೆ, ಕಾನ್ಫರೆನ್ಸ್ ಎಂದು ಕರೆಯುತ್ತಾರೆ. ಋತು ಮುಗಿದ ಮೇಲೆ ಬೇರೆ ಬೇರೆ ಊರುಗಳಲ್ಲಿ ಒಂದೊಂದು ದೊಡ್ಡ ಪಂದ್ಯ ನಡೆಯುತ್ತದೆ, ಅದಕ್ಕೆ ಬೌಲ್ ಎಂದು ಹೆಸರು. ಯಾವ ಗುಂಪಿನ ತಂಡ ಯಾವ ಬೌಲಿಗೆ ಹೋಗಬೇಕು ಎಂದು ಮೊದಲೇ ಒಪ್ಪಂದವಾಗಿರುತ್ತದೆ. ಗುಂಪಿನ ಅತ್ಯುತ್ತಮರು ಮೇಲಿನ ಪಂದ್ಯಕ್ಕೆ ಹೋದ ಮೇಲೆ ಉಳಿದವರನ್ನು ಬೌಲ್ ನಡೆಸುವ ಊರಿನವರು ಸರದಿಯಲ್ಲಿ ಆರಿಸಿಕೊಳ್ಳುತ್ತಾರೆ. ಮೊದಲ ಸರದಿಯವರಿಗೆ ಮೊದಲ ಆಯ್ಕೆ, ಆಮೇಲೆ ಎರಡನೆಯವರು. ಕನಿಷ್ಠ ಅರ್ಧದಷ್ಟು ಪಂದ್ಯ ಗೆದ್ದಿದ್ದರೆ ಸಾಮಾನ್ಯವಾಗಿ ಅರ್ಹತೆ ಬಂತು. ಕೊರೊನಾದ ಮೊದಲ ವರ್ಷ ಅದನ್ನೂ ಸಡಿಲಿಸಿದ್ದರಂತೆ, ಎಷ್ಟೋ ಬೌಲುಗಳು ನಡೆದೇ ಇರಲಿಲ್ಲವಂತೆ.

"ಹಾಗಾದ್ರೆ ಎರಡನೇ ಸ್ಥಾನದವರನ್ನ ಬಿಟ್ಟು ಮೂರನೆಯವರನ್ನ ಕರೀಬಹುದಾ?" ಎಂದು ಕೇಳಿದೆ. ತಪ್ಪು ಹುಡುಕುವ ಬುದ್ಧಿ.

"ಎಷ್ಟೋ ಸಲ ಕರೀತಾರೆ. ಯಾವ ತಂಡದ ಹಿಂದೆ ಜಾಸ್ತಿ ಜನ ಬರ್ತಾರೆ ಅಂತ ನೋಡ್ತಾರೆ. ಸ್ಟೇಡಿಯಂ ತುಂಬ್ಬೇಕು, ಹೋಟ್ಲು ತುಂಬ್ಬೇಕು."

"ಇದು ಹೆಣ್ಣು ನೋಡೋ ಶಾಸ್ತ್ರ ಆಯ್ತಲ್ಲ. ಅಕ್ಕನ್ನ ನೋಡೋಕೆ ಬಂದೋರು ತಂಗೀನ ಒಪ್ಕೊಂಡು ಹೋದ ಹಾಗೆ."

ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ನಗುವ ವಿಷಯ ಅದಲ್ಲ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಿಯಮವನ್ನು ಅಂದೇ ಬರೆದು ಎಲ್ಲ ಕ್ಯಾಪ್ಟನ್‌ಗಳಿಗೂ ಕಳಿಸಿದೆ. ಎರಡೂ ಗುಂಪಿನ ಮೊದಲ ಸ್ಥಾನದವರು ಯುಟ್ರೆಕ್ಟ್‌ನಲ್ಲಿ ಆಡುವುದು. ಅದೇ ದಿನ ಜೂಟರ್‌ಮೀರ್‌ನಲ್ಲಿ ಇನ್ನೊಂದು ಪಂದ್ಯ, ಅದಕ್ಕೆ ಮೂರು ಗೆಲುವು ಇರುವ ಯಾವ ತಂಡವನ್ನಾದರೂ ಗುಂಪಿಗೊಂದರಂತೆ ಆತಿಥೇಯರು ಕರೆಯಬಹುದು. ಜೂಟರ್‌ಮೀರ್‌ನ ಆತಿಥೇಯಳು ಎಂದರೆ ನಾನು.

ನನ್ನ ಪಂದ್ಯಕ್ಕೆ ಪಶ್ಚಿಮದಿಂದ ಎರಡನೇ ಸ್ಥಾನದ ಯುಟ್ರೆಕ್ಟ್ ತಂಡ, ಅದರಲ್ಲಿ ತಕರಾರಿಲ್ಲ. ದಕ್ಷಿಣದಲ್ಲಿ ಎರಡನೆಯವರು ಬೆಸ್ಟ್. ಐದು ಪಂದ್ಯದಲ್ಲಿ ಮೂರು ಗೆದ್ದಿದ್ದರು, ಆರೇ ಜನ ಆಡಿ ಮೊದಲ ಸ್ಥಾನದವರನ್ನೇ ಒಮ್ಮೆ ಸೋಲಿಸಿದ್ದರು. ಆರನೆಯ ಪಂದ್ಯ ಎಲ್ಲಕ್ಕಿಂತ ದುರ್ಬಲ ತಂಡದ ಮೇಲಿತ್ತು, ಎದುರಾಳಿಗಳಲ್ಲಿ ಒಬ್ಬರಿಗೆ ಸೋಂಕು ಬಂದು ರದ್ದಾಯಿತು. ಮೂರನೆಯವರು ಐಂಡ್‌ಹೋವನ್‌ನ ವಿದ್ಯಾರ್ಥಿನಿಯರು. ಆರು ಆಡಿ ಮೂರು ಗೆದ್ದಿದ್ದರು. ಆದರೆ ಆ ಹುಡುಗಿಯರು ಎಲ್ಲಿಗೆ ಹೋದರೂ ಹಿಂದೆ ಮೂವತ್ತು ನಲವತ್ತು ಗೆಳೆಯ ಗೆಳತಿಯರು, ತಮಟೆ, ಸಿಳ್ಳೆ. ಬೆಸ್ಟ್ ತಂಡದ ಹಿಂದೆ ಬಂದರೆ ನಾಲ್ಕು ಜನ ಗಂಡಂದಿರು, ಅವರೂ ಮೂಲೆಯಲ್ಲಿ ಫೋನ್ ನೋಡುತ್ತ ಕೂರುವವರು.

ನಾನು ವಿದ್ಯಾರ್ಥಿನಿಯರನ್ನು ಕರೆದೆ. ನನ್ನದೂ ಒಂದು ಸ್ವಾರ್ಥ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಒಂದೂವರೆ ವರ್ಷ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಒಂದು ಹಾಲ್ ತುಂಬ ಕನ್ನಡದವರು ಕಿರುಚುವುದನ್ನು ಕೇಳಬೇಕು ಎಂದು ಜೀವ ಬಾಯಿ ಬಿಡುತ್ತಿತ್ತು. ನೂರು ಜನಕ್ಕೆ ಪುಳಿಯೋಗರೆ ಮಾಡಿಸಲು ಹೇಳಿದ್ದೂ ಆಗಿತ್ತು.

ಪಟ್ಟಿ ಕಳಿಸಿದ ಸಂಜೆಯೇ ಧಾರವಾಡದ ಅಕ್ಕನ ಫೋನ್ ಬಂತು.

"ನಾವು ಎರಡನೇ ನಂಬರ್ ಅದೀವಿ ಅಲ್ರೀ ಮೇಡಂ?"

"ಹೌದು ಅಕ್ಕ. ಆದ್ರೆ ರೂಲ್ ಮೊದ್ಲೇ ಕಳ್ಸಿದ್ದೆ, ನೀವೂ ಓಕೆ ಅಂದಿದ್ರಿ. ಹೋಸ್ಟ್ ಯಾರನ್ನ ಬೇಕಾದ್ರೂ ಕರೀಬಹುದು. ಆಡಿಯನ್ಸ್ ಬರ್ಬೇಕಲ್ವಾ..."



"ನಮ್ಮ ಹಿಂದ ಮಂದಿ ಇಲ್ಲ ಅಂತ ಬಿಟ್ರಿ, ಹೌದಲ್ರಿ? ಇರ್ಲಿ ಬಿಡ್ರಿ. ರೂಲ್ ಅಂದ್ರ ರೂಲ್."

ಅವರು ಜಗಳವಾಡಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ನನ್ನ ಬಾಯಿ ಆ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಅವರು ಇರ್ಲಿ ಬಿಡ್ರಿ ಎಂದುಬಿಟ್ಟರು. ಫೋನ್ ಇಟ್ಟು ಅನ್ನಕ್ಕೆ ಇಟ್ಟೆ.

ಒಂದು ವಾರ ಕಳೆದಿತ್ತು. ಶುಕ್ರವಾರ ಸಂಜೆ ಇಲ್ಲಿನ ಪ್ರಧಾನಿಯ ಪತ್ರಿಕಾಗೋಷ್ಠಿ. ಆಗ ಇಡೀ ದೇಶವೇ ಟಿ.ವಿ. ಮುಂದೆ ಕೂತು ಅದನ್ನು ನೋಡುತ್ತಿತ್ತು, ನಾನೂ ಡಚ್ ಸಬ್‌ಟೈಟಲ್ ಓದಿಕೊಂಡು ನೋಡುತ್ತಿದ್ದೆ. ಅಂಗಡಿ ಬೇಗ ಮುಚ್ಚಬೇಕು, ಮನೆಗೆ ನಾಲ್ಕೇ ಜನ ಅತಿಥಿಗಳು, ಆಟ ಆಡಬಹುದು, ಆದರೆ ಆಟ ನೋಡಲು ಯಾರೂ ಬರುವಂತಿಲ್ಲ. ಮೂರು ವಾರ. ನಮ್ಮ ಪಂದ್ಯ ಎರಡನೇ ವಾರದ ಭಾನುವಾರ.

ಪ್ರೇಕ್ಷಕರಿಗಾಗಿ ಒಂದು ತಂಡವನ್ನು ಬಿಟ್ಟಿದ್ದೆ. ಈಗ ಪ್ರೇಕ್ಷಕರೂ ಇಲ್ಲ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಯಿತು. ಅಧ್ಯಕ್ಷರಿಗೆ ಫೋನ್ ಮಾಡಿ ಪಟ್ಟಿ ಬದಲಾಯಿಸೋಣವೇ ಎಂದೆ. ಕರೆದ ಮೇಲೆ ಮುಗೀತು, ಈಗ ತೆಗೆದರೆ ಅದು ಇನ್ನೊಂದು ಅನ್ಯಾಯ ಎಂದರು. ಸರಿಯಾಗೇ ಹೇಳಿದ್ದರು. ಆದರೂ ಬಿಡದೆ ವಿದ್ಯಾರ್ಥಿನಿಯರ ಕ್ಯಾಪ್ಟನ್‌ಗೆ ಫೋನ್ ಮಾಡಿ ನೀವೇ ಹಿಂದೆ ಸರಿಯಬಹುದಾ ಎಂದು ಕೇಳಿದೆ. ಅವಳು ಮಂಗಳೂರಿನ ಹುಡುಗಿ.

"ನಾವೂ ಮೂರು ಮ್ಯಾಚ್ ಗೆದ್ದೇ ಬಂದದ್ದಲ್ವಾ ಅಕ್ಕ? ನಮ್ಮನ್ನ ನೀವೇ ಕರ್ದದ್ದು. ಈಗ ಬೇಡ ಅಂದ್ರೆ ಹೇಗೆ?" ಎಂದಳು.

ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಮೂರನೆಯ ದಿನ ಸರ್ಕಾರದ ಹೊಸ ನಿಯಮವನ್ನು ಮತ್ತೆ ಓದುತ್ತಿದ್ದಾಗ ಒಂದು ಸಂದು ಕಂಡಿತು. ಪ್ರೇಕ್ಷಕರು ಬರಬಾರದು, ಆದರೆ ಪಂದ್ಯಕ್ಕೆ ಬೇಕೇ ಬೇಕಾದವರು ಬರಬಹುದು. ಪಂದ್ಯಕ್ಕೆ ಇಬ್ಬರು ಅಂಪೈರ್ ಬೇಕು. ನಾಲ್ಕು ಗೆರೆಗೆ ನಾಲ್ವರು. ಅಂಕ ಬರೆಯಲು ಒಬ್ಬರು. ಒಟ್ಟು ಏಳು.

ನನ್ನ ಜಾಣತನಕ್ಕೆ ನಾನೇ ಹಿಗ್ಗಿ ಧಾರವಾಡದ ಅಕ್ಕನಿಗೆ ಫೋನ್ ಮಾಡಿ, ನಿಮ್ಮ ಏಳೂ ಜನ ಈ ಕೆಲಸಗಳಿಗೆ ಬನ್ನಿ ಎಂದೆ.

"ನಮಗ ಎಲೀ ಹಾಕಿಲ್ಲ, ಬಡಸಾಕ ಬರ್ರಿ ಅಂತೀರಿ" ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮಿಸಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರೇ, "ಏಳೂ ಮಂದಿ ಅಂದ್ರೇನ್ರಿ? ಎಲ್ಲಾರನ್ನೂ ಒಳಗ ಬಿಡ್ತಾರ?" ಎಂದು ಕೇಳಿದರು.

"ಬಿಡ್ತಾರೆ ಅಕ್ಕ. ಎಲ್ರದ್ದೂ ವ್ಯಾಕ್ಸಿನ್ ಕ್ಯೂಆರ್ ಕೋಡ್ ಇದ್ರೆ ಆಯ್ತು."

"ಬರ್ತೀವ್ರಿ" ಎಂದರು.

ಆ ಭಾನುವಾರ ಬೆಸ್ಟ್‌ನಿಂದ ರೈಲು ಬದಲಾಯಿಸಿಕೊಂಡು ಏಳು ಜನ ಬಂದರು. ಆ ವಾರ ಯಾರ ಮನೆಯಲ್ಲೂ ಕೆಮ್ಮಿಲ್ಲ, ಜ್ವರವಿಲ್ಲ. ಬಾಗಿಲಲ್ಲಿ ಕೋಡ್ ನೋಡುತ್ತಿದ್ದ ಕ್ರೀಡಾಂಗಣದ ಮೇಲ್ವಿಚಾರಕ, ಹದಿನಾಲ್ಕು ಆಟಗಾರ್ತಿಯರಿಗೆ ಏಳು ಜನ ಅಧಿಕಾರಿಗಳೇ ಎಂದು ಹುಬ್ಬೇರಿಸಿದ. ಇದು ಬಹಳ ಗಂಭೀರವಾದ ಆಟ ಎಂದೆ. ಒಳಗೆ ಬಂದು ಜಾಕೆಟ್ ತೆಗೆದರೆ ಏಳೂ ಜನ ತಮ್ಮ ತಂಡದ ಅಂಗಿಯನ್ನೇ ತೊಟ್ಟಿದ್ದರು, ಬೆನ್ನ ಮೇಲೆ ಒಂದರಿಂದ ಏಳರವರೆಗೆ ಸಂಖ್ಯೆ. ನನ್ನ ನಿಯಮದ ಪ್ರಕಾರ ಅಂಪೈರುಗಳು ಬಿಳಿ ಅಂಗಿ ತೊಡಬೇಕಿತ್ತು. ಬಾಯಿ ಮುಚ್ಚಿಕೊಂಡೆ.

ಖಾಲಿ ಗ್ಯಾಲರಿಯ ಎದುರು ಪಂದ್ಯ ನಡೆಯಿತು. ಧಾರವಾಡದ ಅಕ್ಕ ಎಷ್ಟು ಚೊಕ್ಕವಾಗಿ ಅಂಪೈರಿಂಗ್ ಮಾಡಿದರೆಂದರೆ ಸೋತ ವಿದ್ಯಾರ್ಥಿನಿಯರು ಒಂದು ತೀರ್ಪಿಗೂ ಚಕಾರ ಎತ್ತಲಿಲ್ಲ. ಯುಟ್ರೆಕ್ಟ್ ತಂಡ ಮೂರು ಸೆಟ್‌ನಲ್ಲಿ ಗೆದ್ದಿತು. ಮುಗಿದಾಗ ಇನ್ನೂ ಮೂರೂಮುಕ್ಕಾಲು. ಭಾಷಣ, ಬಹುಮಾನ, ಪುಳಿಯೋಗರೆ ಎಂದು ಐದು ಗಂಟೆಯವರೆಗೆ ಹಾಲ್ ಹಿಡಿದಿದ್ದೆ. ಅದ್ಯಾವುದೂ ಈಗ ಇರಲಿಲ್ಲ. ನೆಟ್ ಕಟ್ಟಿಯೇ ಇತ್ತು.

ನಾನು ಅಕ್ಕನ ಹತ್ತಿರ ಹೋಗಿ, "ಟೈಮ್ ಇದೆ ಅಕ್ಕ. ನೀವೂ ಒಂದಾಟ ಆಡಿ" ಎಂದೆ.

ಅವರು ಸೀಟಿಯನ್ನು ಕೊರಳಿಂದ ತೆಗೆದು ನನ್ನ ಮುಖ ನೋಡಿದರು. "ಸುಮ್ನ ಆಡ್ರಿ ಅಂದ್ರ ಆಡೂದಿಲ್ಲ. ಯುಟ್ರೆಕ್ಟ್‌ನವರ ಜೋಡಿ ಆಡ್ತೀವಿ. ಅದು ನಮ್ಮ ಮ್ಯಾಚ್ ಇತ್ತಲ್ರಿ?"

ಯುಟ್ರೆಕ್ಟ್‌ನವರು ಬೆವರೊರೆಸಿಕೊಳ್ಳುತ್ತ ಕೂತಿದ್ದರು. ಅವರ ಕ್ಯಾಪ್ಟನ್ ನೀರಿನ ಬಾಟಲಿ ಕೆಳಗಿಟ್ಟು, ಹದಿನೈದು ಪಾಯಿಂಟಿನ ಒಂದು ಸೆಟ್ ಆಡೋಣ ಬನ್ನಿ ಎಂದು ಎದ್ದಳು. ಆಗ ಗೊತ್ತಾಯಿತು, ಅಧಿಕಾರಿಗಳೆಲ್ಲ ಅಂಗಳಕ್ಕೆ ಇಳಿದರೆ ಅಂಪೈರೇ ಇಲ್ಲ. ಸೋತ ಹುಡುಗಿಯರು ಗೆರೆಗಳಿಗೆ ಹೋಗಿ ನಿಂತರು. ಸೀಟಿ ನನ್ನ ಕೈಗೆ ಬಂತು.

"ನಾನು ರೂಲ್ ಬರ್ದಿದ್ದೀನಷ್ಟೇ ಅಕ್ಕ, ಯಾವತ್ತೂ ಊದಿಲ್ಲ" ಎಂದೆ.

"ಚೆಂಡ್ ಹಿಡದ್ ಮ್ಯಾಲೆ ಮೂರು ಸೆಕೆಂಡಿನಾಗ ಬಿಡಬೇಕು. ಗೆರೀ ತುಳೀಬಾರದು. ಕೈಯಾಗಿಂದ ಚೆಂಡ್ ಜಾರಬಾರದು. ಇಷ್ಟು ನೋಡ್ರಿ, ಸಾಕು" ಎಂದು ಅವರು ತಮ್ಮ ಜಾಗಕ್ಕೆ ಹೋದರು.

ಮೊದಲ ಬಾರಿಗೆ ಆ ಏಳು ಜನ ಒಟ್ಟಿಗೆ ನಿಂತದ್ದನ್ನು ನೋಡಿದೆ. ಯುಟ್ರೆಕ್ಟ್‌ನವರು ದಣಿದಿದ್ದರು, ಆದರೂ ಆಟದಲ್ಲಿ ಒಂದು ಕೈ ಮೇಲೇ. ಬೆಸ್ಟ್‌ನವರು ಬಿಡಲಿಲ್ಲ. ಏಳೂ ಕೈಗಳು ಕಿವಿಯ ಪಕ್ಕದಿಂದ ಅದೇ ಎತ್ತರದ ಬೀಸು ಬೀಸುತ್ತಿದ್ದವು. ಗೆರೆಯ ಮೇಲೆ ನಿಂತ ಹುಡುಗಿಯರು ತಾವು ಅಧಿಕಾರಿಗಳು ಎಂಬುದನ್ನು ಮರೆತು ಬೆಸ್ಟ್ ಬೆಸ್ಟ್ ಎಂದು ಕಿರುಚತೊಡಗಿದರು. ನಾನು ಯಾವ ಗದ್ದಲಕ್ಕೆ ಆಸೆಪಟ್ಟು ಇವರನ್ನು ಕರೆದಿದ್ದೆನೋ ಅದೇ ಗದ್ದಲ. ನನಗೆ ಅಳು ಬಂತು, ಸೀಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದೆ.

ಯುಟ್ರೆಕ್ಟ್ ಹದಿನಾಲ್ಕು, ಬೆಸ್ಟ್ ಹದಿಮೂರು. ಆ ಕಡೆಯಿಂದ ಬಂದ ಚೆಂಡನ್ನು ಧಾರವಾಡದ ಅಕ್ಕ ಎದೆಯ ಹತ್ತಿರ ಹಿಡಿದರು. ಎಸೆಯಲಿಲ್ಲ. ಬಲಕ್ಕೆ ತಿರುಗಿ ಮೂವರನ್ನು ನೋಡಿದರು, ಎಡಕ್ಕೆ ತಿರುಗಿ ಮೂವರನ್ನು ನೋಡಿದರು. ಒಂದು, ಎರಡು, ಮೂರು ಎಂದು ನಾನು ಎಣಿಸಿದೆ. ನಾಲ್ಕೂ ಆಯಿತು. ಆ ಚೆಂಡು ಕೈ ಬಿಟ್ಟರೆ ಅವರ ಆಟ ಮುಗಿಯಬಹುದು, ಮುಗಿದರೆ ಮುಂದಿನದು ಧಾರವಾಡದ ವಿಮಾನ. ಅವರಿಗೆ ಬಿಡಲು ಮನಸ್ಸಿಲ್ಲ ಎಂದು ನನಗೆ ಅರ್ಥವಾಯಿತು. ಸೀಟಿ ತುಟಿಯ ನಡುವೆಯೇ ಇತ್ತು, ಊದಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದರು.

"ಊದ್ರಿ ಮೇಡಂ. ಮೂರು ಸೆಕೆಂಡ್ ಆಗಿ ಹೋತು."

"ಪರ್ವಾಗಿಲ್ಲ ಅಕ್ಕ, ಎಸೀರಿ."

"ಪರ್ವಾಗಿಲ್ಲ ಅನ್ನಾಕ ಇದು ಹುಡುಗಾಟ ಅಲ್ಲ. ಅವತ್ತ ನಮಗ ರೂಲ್ ತೋರ್ಸಿದ್ರಿ, ಇವತ್ತೂ ತೋರ್ಸ್ರಿ. ಊದ್ರಿ."

ಊದಿದೆ. ಪಾಯಿಂಟ್ ಯುಟ್ರೆಕ್ಟ್‌ಗೆ ಹೋಯಿತು, ಆಟವೂ ಹೋಯಿತು. ಆರು ಜನ ಬಂದು ಅವರನ್ನು ಸುತ್ತುವರಿದು ತಬ್ಬಿಕೊಂಡರು. ಒಂದೂವರೆ ಮೀಟರ್ ಎಂದು ಹೇಳಬೇಕಾಗಿದ್ದವಳು ನಾನು, ಹೇಳಲಿಲ್ಲ.

ಆಮೇಲೆ ಅವರು ನನ್ನ ಮೇಜಿನ ಹತ್ತಿರ ಬಂದು, ಪಂದ್ಯದ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಬರೀರಿ. ಬೆಸ್ಟ್ ಆಡಿತು, ಸೋತಿತು. ನಂಬರ್ ಹಾಕಿ ಬಿಡಬ್ಯಾಡ್ರಿ, ಏಳೂ ಮಂದಿ ಹೆಸರು ಬರೀರಿ."

ಪೆನ್ನು ತೆಗೆದು ಮೊದಲು ಅವರ ಹೆಸರು ಬರೆದೆ. ಎರಡನೇ ಸಾಲಿಗೆ ಬಂದಾಗ ಕೈ ನಿಂತಿತು. ನೋಂದಣಿಗೆ ಕ್ಯಾಪ್ಟನ್ ಹೆಸರೊಂದೇ ಸಾಕು ಎಂದು ನಿಯಮ ಬರೆದವಳು ನಾನೇ. ಇಡೀ ಋತುವಿನಲ್ಲಿ ಉಳಿದ ಆರು ಜನರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಎದ್ದು ನಿಂತು, ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡೆ.